ಉಣ್ಣೆಯ ಎಳೆ

ಲಿನ್‌ಶೋಪಿಂಗ್, ಜನವರಿ. ಬೆಳಗಿನ ಎಂಟಕ್ಕೂ ಕತ್ತಲು.
ಗಾಳಿ ಸುರಂಗದ ಬಾಗಿಲಲ್ಲಿ ಬೂಟಿನ ಹಿಮ ಕೊಡವಿ
ಇಂಗೆಯೆರ್ಡ್ ಬೂಮನ್ ತನ್ನ ಡಬ್ಬಿ ತೆರೆಯುತ್ತಾಳೆ:
ಚಿಮುಟ, ಅಂಟು,
ಅತ್ತೆ ಹೆಣೆದಿದ್ದ ಕೆಂಪು ಕೈಗವಸು, ಅರ್ಧ ಬಿಚ್ಚಿದ್ದು.

ಮೊಳದುದ್ದದ ರೆಕ್ಕೆಯ ಮೇಲೆ ಮುನ್ನೂರ ಹನ್ನೆರಡು ಎಳೆ,
ಬೆರಳಗಲಕ್ಕೊಂದು.
ಗಾಳಿ ಕಾಣುವುದಿಲ್ಲ, ಎಳೆ ಹೇಳುತ್ತದೆ.
ಹಿಂದಕ್ಕೆ ಮಲಗಿದರೆ ಸುಖ.
ನಡುಗಿದರೆ ಅನುಮಾನ.
ಮೂಗಿನ ಕಡೆಗೆ ತಿರುಗಿ ನಿಂತಿತೋ,
ರೆಕ್ಕೆ ಗಾಳಿಯ ಕೈ ಬಿಟ್ಟಿದೆ.

ಗಾಜಿನಾಚೆ ಮೂವರು, ಆರಿದ ಕಾಫಿ.
ವೇಗದ ಸಿಕ್ಸ್ಟೆನ್‌ಗೆ ತೆಳ್ಳಗಿರಬೇಕು,
ಹಿಂದಕ್ಕೆ ಬಾಚಿದ ಕೂದಲಿನ ಹಾಗೆ.
ತಿರುವಿನ ತೂರೆಗೆ ಅಗಲ ಬೇಕು.
ಇಂಧನದ ಲೆಕ್ಕ ಬರೆಯುವ ಬಿರ್ಗರ್‌ಗೆ
ದಪ್ಪ ಬೇಕು, ಒಳಗೆ ಜಾಗ ಬೇಕು.
ಸೇನೆಯವರಿಗೋ, ಕಾಡಿನ ನಡುವೆ ಹೆದ್ದಾರಿಯ ತುಂಡೊಂದು,
ಎಡಬಲಕ್ಕೆ ಪೈನ್, ಕೆಳಗೆ ಮಂಜುಗಡ್ಡೆ,
ಅಷ್ಟರಲ್ಲೇ ಇಳಿದು ನಿಲ್ಲಬೇಕು.

ನೆಂಟರ ಮೇಲೂ ಪ್ರೀತಿ, ಅಕ್ಕಿಯ ಮೇಲೂ ಆಸೆ.

ಇಂಗೆಯೆರ್ಡ್ ಮೊದಲು ಬಟ್ಟೆ ಹೊಲಿಯುತ್ತಿದ್ದವಳು.
ಚೆಂದಕ್ಕೆಂದು ತೋಳು ಬಿಗಿ ಮಾಡಿಸಿಕೊಂಡವರು
ಮದುವೆಯಲ್ಲಿ ಕುಣಿದು, ಕಂಕುಳು ಹರಿದು
ಸೋಮವಾರ ಬಂದು ನಿಂತದ್ದನ್ನು ಕಂಡವಳು.
ಹೇಳಲಿಲ್ಲ. ಕೇಳಿದವರೂ ಇಲ್ಲ.

ಫ್ಯಾನು ಗುಡುಗಿತು.
ಮೂಗು ಮೇಲೆತ್ತಿದರು: ಹತ್ತು ಡಿಗ್ರಿ, ಹದಿನೆಂಟು.
ಅಂಚಿನ ಎಳೆಗಳಿಗೆ ಒಂದೊಂದಾಗಿ ಹುಚ್ಚು ಹಿಡಿಯಿತು.
ಇಪ್ಪತ್ತನಾಲ್ಕಕ್ಕೆ
ತ್ರಿಕೋನದ ಬೆನ್ನ ಮೇಲೆ ಸುಳಿಯೊಂದು ಎದ್ದು
ಎಳೆಗಳನ್ನು ಗಿರಗಿರ ತಿರುಗಿಸಿತು.
ಇನ್ನೇನು ಬಿತ್ತು ಎಂದುಕೊಂಡರೆ
ತಕ್ಕಡಿಯ ಮುಳ್ಳು ಇಳಿಯಲೇ ಇಲ್ಲ.
ಆ ಸುಳಿಯೇ ಹೊತ್ತುಕೊಂಡಿತ್ತು.

‘ಹಿಂದೆಳೆತವೂ ಏರಿದೆ’ ಎಂದ ಬಿರ್ಗರ್.
ಅವನು ಯಾವತ್ತೂ ಹಾಗೆಯೇ.

ಕೊನೆಗೆ, ಮೂಗಿನ ಬಳಿ ಪುಟ್ಟ ರೆಕ್ಕೆ ಇನ್ನೊಂದು ಜೊತೆ ಇಡೋಣ ಎಂದರು.
ಆಗ ಈ ವಿಮಾನ ತಾನಾಗಿ ನೆಟ್ಟಗೆ ಹಾರಲಾರದು.
ಸೆಕೆಂಡಿಗೆ ಹತ್ತಾರು ಸಲ
ಯಂತ್ರವೊಂದು ಅದನ್ನು ಬೀಳದ ಹಾಗೆ ಹಿಡಿಯುತ್ತಿರಬೇಕು.
ಗಟ್ಟಿಯಾಗಿ ನಿಂತದ್ದು ಬೇಗ ತಿರುಗುವುದಿಲ್ಲವಂತೆ.

ಚಿಮುಟದಲ್ಲಿ ಎಳೆ ಕೀಳುತ್ತ ಕುಳಿತಳು.
ನಾಳೆ ಬೇರೆ ರೆಕ್ಕೆ, ಮೂರು ಡಿಗ್ರಿ ಕಡಿಮೆ ವಾರೆ.
ಕೈಗವಸಿನಲ್ಲಿ ಉಳಿದದ್ದು ಹೆಬ್ಬೆರಳು ಮಾತ್ರ.

ಬಸ್ ನಿಲ್ದಾಣದಲ್ಲಿ ಮೂರೂವರೆಗೇ ಸಂಜೆ.
ಕೋಟಿನ ತೋಳಿಗೆ ಅಂಟಿದ್ದ ಕೆಂಪು ಎಳೆಯೊಂದು
ಗಾಳಿಗೆ ನಡುಗುತ್ತಿತ್ತು.
ಕಿತ್ತು ಎಸೆಯಲಿಲ್ಲ ಅವಳು.
ತೋಳನ್ನು ಸ್ವಲ್ಪ ವಾಲಿಸಿದಳು,
ಇನ್ನೂ ಸ್ವಲ್ಪ,
ಎಲ್ಲಿ ಮಲಗುತ್ತದೆ ನೋಡೋಣ ಎಂದು.