ಸಾಕು

ಸುಂಕದಕಟ್ಟೆಯ ವಿಜಯಾಂಬ ಟಾಕೀಸು, ಹತ್ತೂವರೆ ಆಟ.
ಬಾಲ್ಕನಿಯ ಹಿಂದಿನ ಸಾಲು, ಕಂಬದ ಮರೆ,
ದುಪಟ್ಟಾ ಕಿವಿಯಿಂದ ತುಸು ಸರಿಸಿ ಕೂತಿದ್ದೇನೆ.
ನೋಡಲಿಕ್ಕಲ್ಲ, ಕೇಳಿಸಿಕೊಳ್ಳಲಿಕ್ಕೆ.
ತೆರೆಯ ಮೇಲಿನ ಆ ಮರಿಯ ಗಂಟಲು ನನ್ನದು.

ಇಪ್ಪತ್ತಾರು ವರ್ಷ ಅಳುವ ಕೂಸುಗಳಿಗೆ ದನಿ ಕೊಟ್ಟವಳು ನಾನು,
ತೊಟ್ಟಿಲಲ್ಲಿ, ಆಸ್ಪತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕಳೆದುಹೋಗಿ.
ಈ ಸಲ ಚಂದ್ರಾ ಲೇಔಟಿನ ನೆಲಮಾಳಿಗೆ, ಫ್ಯಾನು ಆರಿಸಿ
ಎಂಟು ದಿನ ಗುರುಗುಟ್ಟಿದೆ,
ಮನೆಗೆ ಹೋಗಿ ಉಪ್ಪುನೀರು ಮುಕ್ಕಳಿಸಿದೆ.

ಇಡೀ ಚಿತ್ರದಲ್ಲಿ ಅದಕ್ಕಿರುವುದು ಒಂದೇ ಮಾತು.
ಯಾವ ಮಾತು ಅಂತ ಮೂರು ದಿನ ಜಗಳ.
'ಬಿಡಿ' ಅಂದರೆ ತುಟಿ ಮುಚ್ಚಬೇಕು, ಅಲ್ಲಿ ತೆರೆದೇ ಇದೆ.
'ನಿಲ್ಲಿಸಿ' ಉದ್ದ. ಕೊನೆಗೆ ಸೌಂಡಿನ ಎಜಾಜ್,
ಟೀ ಬಗ್ಗಿಸುತ್ತಿದ್ದ ಹುಡುಗನಿಗೆ ಕೈ ಅಡ್ಡ ಹಿಡಿದು, 'ಸಾಕು' ಅಂದ.
ಎಲ್ಲರೂ ಅವನ ತುಟಿಯನ್ನೇ ನೋಡಿದೆವು:
ಮೊದಲು ಅಗಲ, ಆಮೇಲೆ ದುಂಡು.
ಕೂತಿತು.

ಈಗ ಜನ. ಹೆಸರು ಬೀಳುವಾಗಲೇ ಶುರು.
'ಹಳೇದ್ರಲ್ಲಿ ರಬ್ಬರ್ ಮುಖವಾಡ ಹಾಕ್ಕೊಂಡು ಮನುಷ್ಯರೇ ಮಾಡಿದ್ರು ಕಣಯ್ಯ,
ಬೆವರು ಕಾಣಿಸ್ತಿತ್ತು.' ಎಚ್‌ಎಂಟಿಯಿಂದ ನಿವೃತ್ತರಿರಬೇಕು,
ಕೈಗಡಿಯಾರ ತಿರುಗಿಸುತ್ತಾರೆ.
'ಇದರಲ್ಲಿ ಕೂದಲು ಕೂದಲೂ ಎಣಿಸಬಹುದು,' ಪಕ್ಕದ ದಾಸೇಗೌಡರು.
'ಎಣಿಸಿ ಏನ್ಮಾಡ್ತೀಯ, ಕ್ಷೌರದಂಗಡಿ ಇಡ್ತೀಯ?'

'ಮಂಗ ಅನ್ಬೇಡ್ರೋ, ಬಾಲ ಇಲ್ಲ ನೋಡಿ,'
ಜೀವಶಾಸ್ತ್ರದ ಹುಡುಗಿ ಗೆಳೆಯರನ್ನು ತಿದ್ದುತ್ತಾಳೆ.
ಅವಳ ಮೇಲೆ ಪಾಪ್‌ಕಾರ್ನ್ ಬೀಳುತ್ತದೆ.

ಇಂಟರ್‌ವಲ್ಲಿನಲ್ಲಿ ಖಾಕಿ ಅಂಗಿಯ ಆಟೋದವನು, ಪಫ್ ಕಡಿಯುತ್ತ:
'ಫ್ಲೈಓವರ್ ಮೇಲೆಲ್ಲ ಮರ ಬೆಳೆದು, ಒಂದು ಗಾಡಿ ಇಲ್ಲ.
ಗೊರಗುಂಟೆಪಾಳ್ಯ ಹಿಂಗಾದ್ರೆ ನನ್ನ ವೋಟು ಮಂಗಗಳಿಗೇ.'
'ಆಗಲಾದ್ರೂ ಮೀಟರ್ ಹಾಕ್ತೀಯಾ?'
ಅವನು ಪಫ್ ಅಗಿದ.

ದಾಸೇಗೌಡರು ಶೌಚಾಲಯದ ಸಾಲಿನಲ್ಲಿ, ನಿಧಾನಕ್ಕೆ:
'ಮೊಸರು ತಿಂದು ಮೇಕೆ ಬಾಯಿಗೆ ಒರೆಸೋದು ಕೋತಿ ಅಂತೀವಿ.
ಇಲ್ಲಿ ತಿಂದೋರು ನಾವೇ ಅಲ್ಲವೇನೋ?'
'ಹಂಗಾದ್ರೆ ಮೇಕೆ ಯಾರು?'
'ಎರಡನೇ ಭಾಗದಲ್ಲಿ ಬರುತ್ತೆ ಬಿಡು.'

ಬಿಳಿ ಕೋಟು. ಸೂಜಿ. ನೆಲದಲ್ಲಿ ಉರುಳಿದ ಹಾಲಿನ ಬಾಟಲಿ.
ಮಡಿಲಲ್ಲಿಟ್ಟು ಬೆಳೆಸಿದ ಕೈಯಲ್ಲೇ ಸರಪಳಿ.
ನನ್ನ ಕಾಲ್ಬೆರಳು ಚಪ್ಪಲಿಯಲ್ಲಿ ಮುದುಡಿದವು.
ಅದು ಬಾಯಿ ತೆರೆಯಿತು. ಇಲ್ಲಿ ನಾನೂ ಉಸಿರೆಳೆದೆ.

ಸಾಕು.

ಒಂದು ಶಿಳ್ಳೆ. ಆಮೇಲೆ ಮೂವತ್ತು.
ಹರಿದ ಪೇಪರು ಹಾರಿತು, ಕುರ್ಚಿಗಳು ಕಿರುಗುಟ್ಟಿದವು.
'ಕನ್ನಡ ಮಾತಾಡ್ತು ಗುರೂ!
ನಮ್ಮ ಬಿಲ್ಡಿಂಗಿನೋರು ಹತ್ತು ವರ್ಷವಾದ್ರೂ ಕಲ್ತಿಲ್ಲ!'
ಗಡಿಯಾರದವರು ಮಾತ್ರ ಸುಮ್ಮನೆ
ಕನ್ನಡಕ ತೆಗೆದು ಅಂಗಿಗೆ ಒರೆಸುತ್ತಿದ್ದರು.

ಗದ್ದಲ ಇಳಿದಾಗ, ಎರಡು ಸಾಲು ಮುಂದೆ, ಒಂದು ಮಗು:
'ಅಮ್ಮಾ, ಯಾರನ್ನ ಸಾಕಬೇಕಂತೆ?'
'ಶ್! ಸಾಕು ಅಂದ್ರೆ ಹೊಡೀಬೇಡಿ ಅಂತ.'
'ಅಲ್ಲ. ನನ್ನನ್ನ ಸಾಕು ಅಂತಿದೆ.
ಮೊದಲಿನ ಥರ.'

ಹನ್ನೊಂದು ಸಲ ಹೇಳಿದ್ದೆ ಆ ಮಾತು.
ಹತ್ತರಲ್ಲಿ ಸಿಟ್ಟು ಸರಿಯಾಗಿತ್ತು.
ಎಜಾಜ್ ಇಟ್ಟುಕೊಂಡದ್ದು ಕೊನೆಯದು,
ದಣಿದದ್ದು, ಉಕಾರ ಚೂರು ಎಳೆದದ್ದು.
ಯಾಕೆ ಅಂತ ಅವತ್ತು ಕೇಳಲಿಲ್ಲ,
ಕೊನೆಯ ಬಸ್ಸಿತ್ತು.

ಹೆಸರುಗಳು ಏರತೊಡಗಿದವು. ಕೂದಲಿಗೇ ನಾನೂರು ಜನ.
ಗಂಟಲಿನವರು ಬರುವ ಮೊದಲೇ ದೀಪ ಹಾಕಿದರು,
ಬಾಗಿಲು ತೆಗೆದರು, ಬಿಸಿಲು ನುಗ್ಗಿತು,
ಹಿಂದೆಯೇ ಪೊರಕೆ ಹಿಡಿದ ಫಿಲೋಮಿನಾ.
'ಒಳಗೆ ಯಾರದೋ ಕೂಸು ಅಳ್ತಿತ್ತಲ್ಲಮ್ಮ,' ಅಂದಳು,
'ಆಚೆವರೆಗೂ ಕೇಳಿಸ್ತು.'

'ಇಲ್ಲ,' ಅಂದೆ, ಕಾಲೆತ್ತಿಕೊಂಡೆ.
ಅವಳು ಸೀಟಿನಡಿಯ ಪಾಪ್‌ಕಾರ್ನ್ ಎಳೆದುಕೊಂಡು ಮುಂದೆ ಹೋದಳು.