ಬಾಯಿ ಕೂಡದ ಎಂಟು

ಮರ್ಸರ್ ಊರಿನ ಅಂಗಡಿಯಲ್ಲಿ ಜಿಗಣೆ ಮಾರುತ್ತಾರೆ,
ಹಾಲಿನ ಪಕ್ಕ, ಫ್ರಿಜ್ಜಿನೊಳಗೆ, ಡಬ್ಬಿಗೆ ಒಂದು ಡಜನ್.
ದುಡ್ಡು ಕೊಟ್ಟು ಜಿಗಣೆ ಕೊಂಡವಳು
ಗಂಗೊಳ್ಳಿಯಲ್ಲಿ ನಾನೇ ಮೊದಲಿರಬೇಕು.

ಡಾರ್ಲೀನ್ ಕೂಸಿಸ್ಟೊ ನಕ್ಕಳು.
ಆಸ್ಪತ್ರೆಯ ರಾತ್ರಿಪಾಳಿಯಲ್ಲಿ ಹನ್ನೊಂದು ವರ್ಷ
ಒಂದೇ ಫ್ಲಾಸ್ಕಿನ ಕಾಫಿ ಕುಡಿದವರು ನಾವು.
ಗಂಡನ ದೋಣಿ ಮಾರಾಟಕ್ಕಿಟ್ಟಿದ್ದಳು.
ಅದಕ್ಕೆ ಮೊದಲು ಒಂದು ವಾರ ಕೆರೆ,
"ನೀನು ಮೀನಿನವರ ಮಗಳಲ್ಲವಾ, ಬಾ."

ಮಗಳು ಹೌದು. ಗಾಳ ಮುಟ್ಟಿದವಳಲ್ಲ.
ನಮ್ಮಲ್ಲಿ ದೋಣಿ ಗಂಡಸರದ್ದು, ಬುಟ್ಟಿ ಹೆಂಗಸರದ್ದು.
ನನಗೆ ಗೊತ್ತಿದ್ದದ್ದು ದಡಕ್ಕೆ ಬಂದ ಮೇಲಿನ ಮೀನು:
ಕಿವಿರು ಎತ್ತಿ ನೋಡುವುದು, ಹೊಟ್ಟೆ ಒತ್ತಿ ನೋಡುವುದು,
ನಿನ್ನೆಯದ್ದಾ ಇವತ್ತಿನದ್ದಾ ಅಂತ ಕೇಳಿದವರಿಗೆ
ಅಮ್ಮನ ಉತ್ತರ,
"ಇನ್ನೂ ಕಣ್ ಮುಚ್ಚಲಿಲ್ಲ ಕಾಣಿ!"
ಯಾವ ಮೀನು ಮುಚ್ಚುತ್ತದೆ?

ಒಂಬತ್ತೂವರೆಗೂ ಬೆಳಕಿತ್ತು ಆ ಉತ್ತರದಲ್ಲಿ.
ಮುಳುಗಿಯೂ ಮುಳುಗದ ಹೊತ್ತಿನಲ್ಲಿ
ಮೊದಲ ವಾಲೈ ಜಿಗಣೆ ಹಿಡಿದು ಮೆಲ್ಲ ಜಗ್ಗಿತು,
ಸೆರಗಿನ ತುದಿ ಎಳೆಯುವ ಕೂಸಿನ ಹಾಗೆ.
ಟಾರ್ಚು ಬಿಟ್ಟರೆ ಕಣ್ಣೆರಡೂ ಬೆಳ್ಳಗೆ ಉರಿದವು.
ಒಬ್ಬರಿಗೆ ಮೂರೇ ಮೀನು, ಕಾನೂನು.
ಆರನ್ನೂ ಡಾರ್ಲೀನ್ ಸೀಳಿದಳು, ಎರಡೆರಡು ಹೋಳು;
ಉಳಿದದ್ದು ಬಕೆಟ್ಟಿಗೆ.
ತಲೆ ಬಿಸಾಡುವುದಾ!
ಆರೂ ತಲೆ ಆಯ್ದು ತಂದೆ.
ಸೂಟ್‌ಕೇಸಿನಲ್ಲಿ ಬ್ಯಾಡಗಿ ಮೆಣಸಿತ್ತು, ಹುಣಸೆ ಇತ್ತು;
ಕ್ಯಾಬಿನ್ನಿನ ಹೊಗೆ ಗಂಟೆ ಎರಡು ಸಲ ಕೂಗಿತು.
ಅನುಮಾನದಲ್ಲೇ ಒಂದು ಕೆನ್ನೆ ತಿಂದಳು.
ಆಮೇಲೆ ತಟ್ಟೆಯಲ್ಲಿ ಬೆರಳೇ ಓಡಾಡಿತು.

ಮಸ್ಕಿ ಬೇರೆ.
ಹತ್ತು ಸಾವಿರ ಎಸೆತಕ್ಕೆ ಒಂದು ಅಂತ ಇಲ್ಲಿಯ ಮಾತು.
ಅವಳ ರೈನೊ ನೀಲಿ ಪುಸ್ತಕದಲ್ಲಿ ಬರೆದಿಟ್ಟಿದ್ದ:
ಗಾಳಿ ನೈಋತ್ಯ. ನೀರು ಅರವತ್ತೆಂಟು. ಕಪ್ಪು ಗಾಳ.
ಹಿಂದೆ ಬಂತು. ಕಚ್ಚಲಿಲ್ಲ.
ಮಗುಚಿದರೆ,
ಹಿಂದೆ ಬಂತು. ಕಚ್ಚಲಿಲ್ಲ.
ಹದಿನೇಳು ಬೇಸಿಗೆಯಲ್ಲಿ ನಾಲ್ಕೇ ಮೀನು ಹಿಡಿದ,
ನಾಲ್ಕನ್ನೂ ಬಾಲ ಹಿಡಿದು ನೀರಲ್ಲಿ ಆಡಿಸಿ,
ಉಸಿರು ಬರಿಸಿ, ಬಿಟ್ಟ.
ಇದನ್ನು ಅಮ್ಮನಿಗೆ ಹೇಗೆ ಹೇಳುವುದು?

ಮೂರು ದಿನ ಎಸೆದೆ.
ಜೊಂಡಿನ ಅಂಚಿಗೆ, ಬಂಡೆಯ ಬೆನ್ನಿಗೆ,
ಬಿದ್ದ ಪೈನ್ ಮರದ ಕೊಂಬೆಗೆ (ಎರಡು ಗಾಳ ಅಲ್ಲೇ ಇವೆ).
"ಹತ್ತಿರ ಬಂದಾಗ ನಿಲ್ಲಿಸಬೇಡ.
ಕೋಲಿನ ತುದಿ ಮುಳುಗಿಸಿ ನೀರಲ್ಲಿ ಎಂಟು ಬರೆ.
ಪ್ರತಿ ಸಲ. ಏನೂ ಕಾಣದಿದ್ದರೂ."
ಬರೆದೆ. ಬರೆದೆ. ಕೆರೆ ಅಳಿಸಿತು.

ನಾಲ್ಕನೆಯ ಸಂಜೆ
ಮುಳುಗಿದ ದಿಮ್ಮಿ ಅಂದುಕೊಂಡದ್ದು
ಕಿವಿರು ಆಡಿಸಿತು.
ಬಾತುಕೋಳಿಯ ಕೊಕ್ಕಿಗೆ ಮೊಸಳೆಯ ಹಲ್ಲು,
ನನ್ನ ಕಾಲಿನಷ್ಟು ಉದ್ದ,
ಗಾಳಕ್ಕೆ ಗೇಣು ದೂರದಲ್ಲಿ, ಅವಸರವೇ ಇಲ್ಲ.
"ಎಂಟು!" ಡಾರ್ಲೀನ್ ಪಿಸುಗುಟ್ಟಿದಳು,
ಕೈ ಬರೆಯಿತು,
೮.
ಸುಶೀಲ ಟೀಚರು ಬೆರಳು ಹಿಡಿದು
ಸ್ಲೇಟಿನ ಮೇಲೆ ತಿದ್ದಿಸಿದ್ದು,
ಬಾಲ ಹೊರಗೆ ಬಿಟ್ಟು, ಬಾಯಿ ಕೂಡದೆ ನಿಲ್ಲುವ ಎಂಟು.

ಮೀನು ಅದನ್ನು ಬರೆದ ಹಾಗೇ ಓದಿತು.
ಬಾಗಿದಲ್ಲಿ ಬಾಗಿ,
ಬಾಲದ ಗೆರೆ ಹಿಡಿದು ನೆಟ್ಟಗೆ,
ದೋಣಿಯ ಅಡಿಯಿಂದ ಹೋಯಿತು.

ಡಾರ್ಲೀನ್ ತನ್ನ ಅಜ್ಜಿಯ ಭಾಷೆಯಲ್ಲಿ ಬೈದಳು,
ನನ್ನನ್ನೋ, ಮೀನನ್ನೋ, ರೈನೊನನ್ನೋ.
ಬಹಳ ಹೊತ್ತು ಬೈದಳು.
ಆಮೇಲೆ ನೀಲಿ ಪುಸ್ತಕ ನನ್ನ ಮಡಿಲಿಗೆ ಹಾಕಿದಳು.
ಗಾಳಿ ಇಲ್ಲ, ನೀರು ಎಪ್ಪತ್ತು ಅಂತ ಬರೆದೆ,
ಉಳಿದದ್ದು ಅವನದೇ ಮಾತು; ಕೆಳಗೆ ಒಂದು ೮.
ತಿರುಗಿಸಿ ನೋಡಿದಳು. "ಇದೇನು, ಗಾಳವಾ?"

ಶನಿವಾರ ದೋಣಿ ನೋಡಲು ಒಬ್ಬ ಬಂದ.
ಟ್ರೇಲರಿನ ಚಕ್ರ ಒದ್ದ, ಮೋಟಾರಿಗೆ ಕಿವಿಗೊಟ್ಟ,
"ಮೀನು ಸಿಗುತ್ತದಾ ಇದಕ್ಕೆ?" ಅಂದ.
ಡಾರ್ಲೀನ್ ನೀರಿನ ಕಡೆ ತಿರುಗಿದಳು.
ನಾನು ಎರಡೂ ಕೈ ಸಾಧ್ಯವಾದಷ್ಟು ಅಗಲಿಸಿದೆ:
"ಮೊನ್ನೆಯಷ್ಟೇ ಇಷ್ಟುದ್ದದ್ದು ಬಂದಿತ್ತು."

ಬಂದಿತ್ತಲ್ಲ.