ಟಾಂಗಾದ ಕಾಗಿ

ಅಕೀ ಊರ ಹೆಸರು ಟಾಂಗಾ.
ಹಾಸ್ಟೆಲ್ಲಿನ ನಳದ ಮುಂದ ಬಕೀಟು ಹಿಡಕೊಂಡು
ಮೊದಲನೇ ದಿನ ಹೇಳಿದಾಗ ನಾ ನಕ್ಕಿದ್ದೆ.
ನಮ್ಮಜ್ಜ ವಿಜಾಪುರದಾಗ ಮೂವತ್ತು ವರ್ಷ ಹೊಡದದ್ದು ಟಾಂಗಾ,
ಟೇಶನ್ನಿಂದ ಗೋಳಗುಮ್ಮಟಕ್ಕ, ಗುಮ್ಮಟದಿಂದ ಟೇಶನ್ನಿಗೆ.
ಆ ಹೆಸರಿನಾಗ ಒಂದು ಸಮುದ್ರ ಐತಿ ಅಂತ
ನಮಗ್ಯಾರಿಗೆ ಗೊತ್ತಿತ್ತು?

ಜೈತೂನಿ, ಡೋಲ್ಕರ್, ನಾನು.
ನರ್ಸಿಂಗ್ ಎರಡನೇ ವರ್ಷ, ಒಂದ ಖೋಲಿ, ಒಂದ ಇಸ್ತ್ರಿಪೆಟ್ಟಿಗಿ.
ರವಿವಾರ, ಸಂಜಿ ಆರರ ತನಕ ಪರವಾನಗಿ.
ಬೆಳಗಾವಿಯಿಂದ ಬಸ್ಸು ಕಾಕತಿ ದಾಟಿತು.
ಭೂತರಾಮನಹಟ್ಟಿಗೆ ಮೂರು ತಿಕೀಟು ಹರದು
ಕಂಡಕ್ಟರ ಅಕೀ ಮಾರಿ ನೋಡಿ ನನ್ನ ಕೇಳಿದ:
"ಇವರೂರಾಗ ಸಿಂಹ ಓಣ್ಯಾಗ ತಿರಗತಾವಂತ, ಖರೇನ?
ಮತ್ತ ಝೂ ಯಾಕ ಬೇಕ್ರಿ ಇವರಿಗೆ?"
"ನಮ್ಮ ಓಣ್ಯಾಗ ತಿರಗೂದು ಆಡು, ಅಣ್ಣಾ," ಅಂದಳು ಜೈತೂನಿ.
"ಚಿಲ್ಲರ ಕೊಡ್ರಿ."
ಇಡೀ ಬಸ್ಸು ನಕ್ಕಿತು.
ಚಿಲ್ಲರ ಮಾತ್ರ ಬರಲಿಲ್ಲ.

ಗೇಟಿನ್ಯಾಗ ಕುಂತಾಂವ ಡೋಲ್ಕರ್‌ನ ಕೇಳಿದ, "ಫಾರಿನ್ನೇನ್ರಿ?"
"ಮುಂಡಗೋಡ," ಅಂದಳು.
"ಅಲ್ಲ, ಮೂಲ?"
"ಮುಂಡಗೋಡ ಸರ್ಕಾರಿ ದವಾಖಾನಿ, ಎರಡನೇ ಮಾಳಗಿ."

ಸಿಂಹ ನೋಡಲಿಕ್ಕ ಅಲ್ಲಿ ಎರಡು ದಿನದ ಹಾದಿ,
ಲಾಡ್ಜಿಂಗಿಗೆ ದೊಡ್ಡ ರೊಕ್ಕ.
ಹುಟ್ಟಿ ಇಪ್ಪತ್ತೊಂದು ವರ್ಷಕ್ಕ ಅಕಿ ಕಂಡ ಮೊದಲ ಸಿಂಹ
ಬೆಳಗಾವಿ ಜಿಲ್ಲಾದಾಗ, ಬೇವಿನ ನೆಳ್ಳಾಗ,
ನಮಗ ಬೆನ್ನು ಕೊಟ್ಟು ಮಲಗಿತ್ತು.
ಮಂದಿ ಸೀಟಿ ಹೊಡದರು. ಚಪ್ಪಾಳಿ ತಟ್ಟಿದರು. ಏಳಲಿಲ್ಲ.
ನಿಪ್ಪಾಣಿ ಕಡೀ ಒಂದು ಸಂಸಾರ
ಮೊಬೈಲು ಅಕೀ ಕಡೆ ತಿರುವಿತು.
ಮೊದಲನೇ ಫೋಟೋಕ್ಕ ನಕ್ಕಳು, ಎರಡನೇದಕ್ಕೂ.
ಐದನೇದಕ್ಕ ಡೋಲ್ಕರ್ ನಡುವ ಹೊಕ್ಕು
"ತಿಕೀಟು ಇಪ್ಪತ್ತು ರೂಪಾಯಿ" ಅಂತ ಕೈ ಚಾಚಿದಳು.
ಆ ಸಂಸಾರದ ಸಣ್ಣ ಹುಡುಗ ಖರೇನ
ಅವ್ವನ ಪರ್ಸಿಗೆ ಕೈ ಹಾಕಿದ.
ನಾ ಏನೂ ಅನ್ನಲಿಲ್ಲ.
ಇವತ್ತಿಗೂ ಅದೊಂದು ಮನಸಿನ್ಯಾಗ ಉಳದದ,
ನನ್ನ ಊರು, ನನ್ನ ಭಾಷೆ, ನಾ ಏನೂ ಅನ್ನಲಿಲ್ಲ.

ಬುತ್ತಿ ಬಿಚ್ಚಿದ್ವಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ.
ಅರ್ಧಾ ರೊಟ್ಟಿ ಜೈತೂನಿ ಕೈಯಾಗಿನದು
ಎಗರಿಸಿಕೊಂಡು ಹೋತು ಒಂದು ಕಾಗಿ.
ಹೋಗಿ ಕುಂತದ್ದು ಸಿಂಹದ ಜಾಳಗಿ ಮ್ಯಾಲ.
"ಕುಂಗುರು!" ಅಂತ ಚೀರಿ ಎದ್ದು ನಿಂತಳು,
ಕಳ್ಳನ್ನ ಹೆಸರು ಹಿಡದು ಕರದಂಗ.

ಅಕೀ ಅಜ್ಜಿ ಹೇಳತಿದ್ದಳಂತ,
ಹಿಂದಕ ಯಾವನೋ ಸಾಹೇಬ ಹಡಗಿನ್ಯಾಗ ತಂದ
ಹಿಂದೂಸ್ಥಾನದಿಂದ, ಊರ ಕಸ ಬಳೀಲಿ ಅಂತ.
ಕಸ ತಿಂದ್ವು. ಕೋಳಿಮರಿ ತಿಂದ್ವು.
ಒಣಗಲಿಕ್ಕ ಹಾಕಿದ ಮೀನು ತಿಂದ್ವು.
ಒಂದಕ್ಕ ಹತ್ತಾದ್ವು, ಸಾವಿರಾದ್ವು, ತಿರುಗಿ ಹೋಗಲಿಲ್ಲ.
"ನಿಮ್ಮವು," ಅಂದಳು.
"ನಿಮ್ಮವು," ಅಂದೆ ನಾನು.

ಆಮ್ಯಾಲ ಮೆಲ್ಲಕ,
"ಹಾಸ್ಟೆಲ್ಲಿನ ಮೊದಲ ಮುಂಜಾನಿ ಕಿಡಕ್ಯಾಗ ಕೂಗಿತ್ತು.
ಕಣ್ಣು ತೆರೀಲಿಲ್ಲ ನಾ.
ತೆರಿಯೂ ತನಕ ಮನ್ಯಾಗಿದ್ದೆ.
ನೀವು ನಗತೀರಿ ಅಂತ ಹೇಳಿರಲಿಲ್ಲ."

"ಕಾಗಿ ಒದರಿದ್ರ ನಮ್ಮಲ್ಲಿ ಬೀಗರು ಬರತಾರ," ಅಂದೆ.
"ಅವ್ವ ಒಂದು ಹಿಡಿ ಅಕ್ಕಿ ಹೆಚ್ಚಿಗಿ ತೊಳೀತಾಳ.
ಟಾಂಗಾದಾಗ ಏನಂತಾರ?"
"ಕಲ್ಲು ತಗೋ ಅಂತಾರ."

ಸಿಂಹ ಅಷ್ಟೊತ್ತಿಗೆ ಎದ್ದಿತ್ತೇನೋ,
ಆ ಕಡೆ ಮಂದಿ ಹೋ ಅಂದರು.
ನಾವು ಮೂವರೂ ತಿರುಗಿ ನೋಡಲಿಲ್ಲ.

ತಿರುಗಿ ಬರೂ ಬಸ್ಸಿನ್ಯಾಗ ಡೋಲ್ಕರ್
ಖಾಲಿ ಡಬ್ಬಿ ತೊಡಿ ಮ್ಯಾಲ ಇಟಗೊಂಡು ಕುಂತಿದ್ದಳು.
ಕಾಕತಿ ಬಂದಾಗ, ಯಾರೂ ಕೇಳದ ಹೇಳಿದಳು:
"ಅಲ್ಲಿ ಕಾಗಿ ಭಾಳ ದೊಡ್ಡವಂತ, ಕೊಳ್ಳು ಸುದ್ದಾ ಕರೀವಂತ.
ಅಮಾಲಾ ಹೇಳತಿದ್ದಳು.
ಅಕೀಗೆ ಅಕೀ ಅವ್ವ ಹೇಳಿದ್ದಳಂತ."